ಎರಡು ಪೀಳಿಗೆಯ ಕ್ಯಾಸೆಟ್ಟು ಯಾವ ಖಾನೆಗೆ ಸೇರಬೇಕು?



ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ ಮೊದಲಾದುವನ್ನು ಸಂಗ್ರಹಿಸುವ ಹವ್ಯಾಸವು ನಿಮ್ಮಲ್ಲಿ ಅನೇಕರಿಗೆ ಉಂಟು. ಈಚಿನ ದಿನಗಳಲ್ಲಿ ಹಳೆಯ ವಿಡಿಯೋ ಆಟಗಳನ್ನು ಸಂಗ್ರಹಿಸುವವರೂ ಕಾಣಬರುತ್ತಿದ್ದಾರೆ. ಸಂಗ್ರಹವು ಬೆಳೆದಂತೆಲ್ಲ ಅದನ್ನು ವಿಂಗಡಿಸುವ ಕಾರ್ಯವು ಒದಗುತ್ತದೆ. ಅಲ್ಲಿಯೇ ಕಷ್ಟವು ತಲೆದೋರುವುದು. ಒಂದು ಯಂತ್ರದಲ್ಲಿ ಮಾತ್ರ ನಡೆಯುವ ಆಟವನ್ನು ಆ ಯಂತ್ರದ ಖಾನೆಯಲ್ಲಿ ಇಟ್ಟರಾಯಿತು. ಹಳೆಯ ಯಂತ್ರದಲ್ಲಿಯೂ ಅದರ ಮುಂದಿನ ಪೀಳಿಗೆಯ ಯಂತ್ರದಲ್ಲಿಯೂ ನಡೆಯುವ ಆಟವನ್ನು ಎಲ್ಲಿಡಬೇಕು? ಈ ಪ್ರಶ್ನೆಗೆ ನಾವು ಒಮ್ಮೆ ತಪ್ಪು ಉತ್ತರವನ್ನು ಕೊಟ್ಟೆವು. ಆ ತಪ್ಪಿನಿಂದ ಕಲಿತುದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ತಪ್ಪು

ಶಾಲೆಯ ಹವ್ಯಾಸ ಪ್ರದರ್ಶನವೊಂದರಲ್ಲಿ ತೀರ್ಪು ಕೊಡುವ ಹೊಣೆ ನಮ್ಮ ಪಾಲಿಗೆ ಬಂದಿತ್ತು. ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಗಲ್ಫ್ ದೇಶದಲ್ಲಿ ಕೆಲಸಕ್ಕಿದ್ದ ತನ್ನ ಸೋದರಮಾವ ತಂದುಕೊಟ್ಟ ಎರಡು ಗೇಮ್ ಬಾಯ್ ಯಂತ್ರಗಳನ್ನೂ ಹದಿನಾಲ್ಕು ಕ್ಯಾಸೆಟ್ಟುಗಳನ್ನೂ ಮೇಜಿನ ಮೇಲೆ ಇಟ್ಟಿದ್ದಳು. ತಯಾರಕರು ಇವನ್ನು ಕಾರ್ಟ್ರಿಜ್ ಎನ್ನುವರು. ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಇವು ಕ್ಯಾಸೆಟ್ಟುಗಳು. ಅವಳು ಅವನ್ನು ಮೂರು ಪೆಟ್ಟಿಗೆಗಳಲ್ಲಿ ವಿಂಗಡಿಸಿದ್ದಳು: ಬೂದು ಬಣ್ಣದವು ಆರು, ಕಪ್ಪು ಬಣ್ಣದವು ಐದು, ಒಳಗಣ ಹಲಗೆಯು ಕಾಣುವಂತಹ ಪಾರದರ್ಶಕವಾದವು ಮೂರು.

ಯಂತ್ರಗಳು ಎರಡು, ಪೆಟ್ಟಿಗೆಗಳು ಮೂರು! ಇದು ನಮಗೆ ಸರಿದೋರಲಿಲ್ಲ. ಹಳ್ಳಿಯಲ್ಲಿ ಚಿನ್ನಿದಾಂಡು, ಲಗೋರಿಗಳನ್ನು ಆಡಿ ಬೆಳೆದ ನಮಗೆ ಈ ಯಂತ್ರಗಳ ಪರಿಚಯವು ಅಷ್ಟಕ್ಕಷ್ಟೆ. ಆದರೂ ಪರೀಕ್ಷಿಸಿಯೇ ನೋಡೋಣವೆಂದು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹೊಸ ಯಂತ್ರದಲ್ಲಿ ಹಾಕಿಸಿದೆವು. ಹದಿನಾಲ್ಕೂ ನಡೆದವು, ಎಲ್ಲದರಲ್ಲಿಯೂ ಬಣ್ಣ ಕಂಡಿತು. “ಎಲ್ಲವೂ ಬಣ್ಣದ ಯಂತ್ರದವೇ ಆಗಿರುವಾಗ ಈ ಮೂರು ಭಾಗವೇಕೆ?” ಎಂದು ಕೇಳಿ, ವಿಂಗಡಣೆಯ ಅಂಕಗಳನ್ನು ಕಳೆದೆವು. ಬಹುಮಾನವು ಬೇರೊಬ್ಬರಿಗೆ ಹೋಯಿತು.

ಪ್ರದರ್ಶನವು ಮುಗಿದ ಮೇಲೆ ಆಕೆ ನಮ್ಮ ಬಳಿಗೆ ಬಂದು, “ಸರ್, ಹಳೆಯ ಯಂತ್ರದಲ್ಲಿಯೂ ಒಮ್ಮೆ ಹಾಕಿ ನೋಡುತ್ತೀರಾ?” ಎಂದಳು. ನೋಡಿದೆವು. ಬೂದು ಕ್ಯಾಸೆಟ್ಟು ನಡೆಯಿತು. ಕಪ್ಪು ಕ್ಯಾಸೆಟ್ಟೂ ನಡೆಯಿತು. ಪಾರದರ್ಶಕ ಕ್ಯಾಸೆಟ್ಟನ್ನು ಹಾಕಿದಾಗ ಯಂತ್ರದ ಗುಂಡಿಯೇ ಸರಿಯಲಿಲ್ಲ. ಅವಳ ಮೂರು ಪೆಟ್ಟಿಗೆಗಳ ಅರ್ಥವು ಆಗ ನಮಗೆ ತಿಳಿಯಿತು.

ವಸ್ತುವಿನ ಸಾಕ್ಷ್ಯ

ಜಪಾನಿನ ನಿಂಟೆಂಡೊ ಸಂಸ್ಥೆಯು ಗೇಮ್ ಬಾಯ್ ಯಂತ್ರವನ್ನು ೧೯೮೯ರಲ್ಲಿ ಹೊರತಂದಿತು. ಅದರ ಪರದೆಯಲ್ಲಿ ಬಣ್ಣವಿರಲಿಲ್ಲ. ಒಂದೇ ವರ್ಣದ ನಾಲ್ಕು ಛಾಯೆಗಳು ಮಾತ್ರ ಕಾಣುತ್ತಿದ್ದವು. ೧೯೯೮ರಲ್ಲಿ ಗೇಮ್ ಬಾಯ್ ಕಲರ್ ಬಂದಿತು. ಹಳೆಯ ಯಂತ್ರವುಳ್ಳ ಗಿರಾಕಿಗಳನ್ನು ಕೈಬಿಡಬಾರದು, ಹೊಸ ಯಂತ್ರದ ಬಣ್ಣವನ್ನೂ ಬಳಸಿಕೊಳ್ಳಬೇಕು ಎಂಬ ಉದ್ದೇಶದಿಂದ ಎರಡರಲ್ಲಿಯೂ ನಡೆಯುವ ಕ್ಯಾಸೆಟ್ಟುಗಳು ತಯಾರಾದವು. ಇವೇ ಕಪ್ಪು ಕ್ಯಾಸೆಟ್ಟುಗಳು. ಹೊಸ ಯಂತ್ರದಲ್ಲಿ ಮಾತ್ರ ನಡೆಯತಕ್ಕವನ್ನು ಸಾಮಾನ್ಯವಾಗಿ ಪಾರದರ್ಶಕ ಕವಚದಲ್ಲಿ ಹಾಕಿದರು.

ಬೂದು ಹಾಗೂ ಕಪ್ಪು ಕ್ಯಾಸೆಟ್ಟುಗಳ ಮೇಲ್ಮೂಲೆಯಲ್ಲಿ ಒಂದು ಕಚ್ಚು ಇದೆ. ಮೊದಲ ಗೇಮ್ ಬಾಯ್ ಯಂತ್ರವನ್ನು ಚಾಲೂ ಮಾಡಿದಾಗ ಅದರ ಗುಂಡಿಯ ಒಂದು ತುಣುಕು ಸರಿದು ಆ ಕಚ್ಚಿನೊಳಗೆ ಕೂರುತ್ತದೆ. ಪಾರದರ್ಶಕ ಕ್ಯಾಸೆಟ್ಟಿನಲ್ಲಿ ಆ ಕಚ್ಚು ಇಲ್ಲ. ಆದುದರಿಂದಲೇ ಗುಂಡಿಯು ಸರಿಯಲಿಲ್ಲ.

ಕವಚದ ಬಣ್ಣವನ್ನೇ ಪೂರ್ಣವಾಗಿ ನಂಬುವಂತೆಯೂ ಇಲ್ಲ. ೧೯೯೯ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪೋಕೆಮಾನ್ ಗೋಲ್ಡ್ ಹಾಗೂ ಸಿಲ್ವರ್ ಆಟಗಳ ಕ್ಯಾಸೆಟ್ಟುಗಳಿಗೆ ಚಿನ್ನ, ಬೆಳ್ಳಿಗಳ ಬಣ್ಣವಿದ್ದರೂ ಅವು ಎರಡು ಯಂತ್ರಗಳಲ್ಲಿಯೂ ನಡೆಯುವ ಜಾತಿಯವು. ಕಚ್ಚಿಗಿಂತ ಖಚಿತವಾದ ಸಾಕ್ಷ್ಯವು ಕ್ಯಾಸೆಟ್ಟಿನ ಒಳಗೇ ಇದೆ. ಅದರ ಸ್ಮರಣೆಯ ಒಂದು ಗೊತ್ತಾದ ಸ್ಥಾನದಲ್ಲಿ ಒಂದು ಸಂಖ್ಯೆಯನ್ನು ಬರೆದಿರುತ್ತಾರೆ. ಅದು ೧೨೮ ಆಗಿದ್ದರೆ ಬಣ್ಣವನ್ನೂ ಬಲ್ಲ, ಹಳೆಯ ಯಂತ್ರದಲ್ಲಿಯೂ ನಡೆಯುವ ಆಟವೆಂದು ಅರ್ಥ. ೧೯೨ ಆಗಿದ್ದರೆ ಬಣ್ಣದ ಯಂತ್ರಕ್ಕೆ ಮಾತ್ರ ಸೇರಿದುದೆಂದು ಅರ್ಥ.

ಹಾಗಾದರೆ ಬೂದು ಕ್ಯಾಸೆಟ್ಟಿನಲ್ಲಿ ನಾವು ಕಂಡ ಬಣ್ಣವು ಎಲ್ಲಿಂದ ಬಂದಿತು? ಅದು ಯಂತ್ರವು ಹಚ್ಚಿದ ಬಣ್ಣ. ಬಣ್ಣವನ್ನರಿಯದ ಹಳೆಯ ಆಟವನ್ನು ಹಾಕಿದಾಗ ಗೇಮ್ ಬಾಯ್ ಕಲರ್ ತನ್ನಲ್ಲಿರುವ ವರ್ಣಗಳಲ್ಲಿ ಕೆಲವನ್ನು ಆರಿಸಿ ಆ ನಾಲ್ಕು ಛಾಯೆಗಳಿಗೆ ಬದಲಾಗಿ ತೋರಿಸುತ್ತದೆ. ಯಂತ್ರದ ಗುಣವನ್ನು ಕ್ಯಾಸೆಟ್ಟಿನ ಗುಣವೆಂದು ಭ್ರಮಿಸಿದುದೇ ನಮ್ಮ ತಪ್ಪಿನ ಮೂಲ.

ಮೂರು ಬಗೆಗಳು

ಪೀಳಿಗೆಗಳನ್ನು ದಾಟಿ ನಡೆಯುವ ಆಟಗಳೆಲ್ಲ ಒಂದೇ ಬಗೆಯವಲ್ಲ. ಇವನ್ನು ಮೂರಾಗಿ ತಿಳಿಯುವುದು ಅವಶ್ಯಕ.

ಮೊದಲನೆಯದು, ಹಳೆಯ ಯಂತ್ರಕ್ಕಾಗಿಯೇ ತಯಾರಾಗಿ, ಅನಂತರ ಹೊಸ ಯಂತ್ರದಲ್ಲಿಯೂ ನಡೆಯುವ ಆಟ. ೧೯೯೪ರಲ್ಲಿ ಬಂದ ಪ್ಲೇಸ್ಟೇಷನ್ನಿನ ಡಿಸ್ಕುಗಳು ೨೦೦೦ದಲ್ಲಿ ಬಂದ ಪ್ಲೇಸ್ಟೇಷನ್ ೨ರಲ್ಲಿಯೂ ನಡೆಯುತ್ತವೆ. ಇಂತಹ ಡಿಸ್ಕನ್ನು ಹಳೆಯ ಖಾನೆಯಲ್ಲಿಯೇ ಇಡತಕ್ಕದ್ದು. ೨೦೦೬ರಲ್ಲಿ ಬಂದ ಪ್ಲೇಸ್ಟೇಷನ್ ೩ರ ಮೊದಲ ಮಾದರಿಗಳು ಪ್ಲೇಸ್ಟೇಷನ್ ೨ರ ಡಿಸ್ಕುಗಳನ್ನು ನಡೆಸುತ್ತಿದ್ದವು. ಮುಂದಿನ ಮಾದರಿಗಳಲ್ಲಿ ಆ ಸೌಕರ್ಯವನ್ನು ತೆಗೆದುಹಾಕಿದರು. ನಡೆಯುವ ಯಂತ್ರವನ್ನೇ ನೋಡಿ ಖಾನೆಯನ್ನು ಗೊತ್ತುಮಾಡಿದರೆ, ಯಂತ್ರದ ಮಾದರಿ ಬದಲಾದಾಗಲೆಲ್ಲ ಡಿಸ್ಕಿನ ಖಾನೆಯೂ ಬದಲಾಗಬೇಕಾದೀತು! ಡಿಸ್ಕು ಮಾತ್ರ ಇದ್ದಂತೆಯೇ ಇದೆ.

ನಾಣ್ಯಗಳನ್ನು ಸಂಗ್ರಹಿಸುವವರಿಗೆ ಇದು ಹೊಸ ಮಾತಲ್ಲ. ೧೯೫೭ರ ಏಪ್ರಿಲ್ ೧ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿಯು ಜಾರಿಗೆ ಬಂದಿತು. ಅದುವರೆಗೆ ಹದಿನಾರು ಆಣೆಗಳಿದ್ದ ರೂಪಾಯಿಗೆ ನೂರು ನಯೇ ಪೈಸೆಗಳಾದವು. ಹಳೆಯ ಎಂಟಾಣೆಯ ನಾಣ್ಯವು ಐವತ್ತು ಪೈಸೆಯಾಗಿಯೂ ನಾಲ್ಕಾಣೆಯ ನಾಣ್ಯವು ಇಪ್ಪತ್ತೈದು ಪೈಸೆಯಾಗಿಯೂ ಹೊಸ ಪದ್ಧತಿಯಲ್ಲಿ ಚಲಾವಣೆಯಾದವು. ಹಾಗೆಂದು ಸಂಗ್ರಾಹಕನು ಅವನ್ನು ದಶಮಾಂಶ ನಾಣ್ಯಗಳ ಪುಟದಲ್ಲಿ ಅಂಟಿಸುವುದಿಲ್ಲ. ಅವು ಆಣೆಯ ಕಾಲದಲ್ಲಿ ಟಂಕಿಸಿದ ನಾಣ್ಯಗಳು. ಆಣೆಯ ಪುಟದಲ್ಲಿಯೇ ಇರತಕ್ಕವು.

ಎರಡನೆಯದು, ಒಂದೇ ಹೆಸರಿನ ಆಟದ ಎರಡು ಬೇರೆ ಪ್ರತಿಗಳು. ‘ದಿ ಲೆಜೆಂಡ್ ಆಫ್ ಜೆಲ್ಡಾ: ಟ್ವೈಲೈಟ್ ಪ್ರಿನ್ಸೆಸ್’ ಎಂಬ ಆಟವು ೨೦೦೬ರಲ್ಲಿ ಹಳೆಯ ಗೇಮ್‌ಕ್ಯೂಬ್ ಯಂತ್ರಕ್ಕೊಂದು, ಹೊಸ ವೀ ಯಂತ್ರಕ್ಕೊಂದು ಹೀಗೆ ಎರಡು ಡಿಸ್ಕುಗಳಾಗಿ ಹೊರಬಂದಿತು. ವೀ ಪ್ರತಿಯಲ್ಲಿ ಆಟದ ಲೋಕವೆಲ್ಲ ಕನ್ನಡಿಯ ಬಿಂಬದಂತೆ ಎಡಬಲ ತಿರುಗಿದೆ. ವೀ ಯಂತ್ರದ ಮೊದಲ ಮಾದರಿಯಲ್ಲಿ ಗೇಮ್‌ಕ್ಯೂಬಿನ ಡಿಸ್ಕೂ ನಡೆಯುವುದರಿಂದ ಒಂದೇ ಯಂತ್ರದಲ್ಲಿ ಎರಡು ಪ್ರತಿಗಳನ್ನೂ ಆಡಬಹುದು. ಹೆಸರು ಒಂದೇ, ನಡೆಯುವ ಯಂತ್ರವೂ ಒಂದೇ. ಆದರೂ ವಸ್ತುಗಳು ಎರಡು. ಎರಡು ಸಾಲುಗಳಲ್ಲಿ ಬರೆದು ಎರಡು ಖಾನೆಗಳಲ್ಲಿ ಇಡಬೇಕು.

ಮೂರನೆಯದು, ಹುಟ್ಟುವಾಗಲೇ ಎರಡು ಯಂತ್ರಗಳನ್ನೂ ಉದ್ದೇಶಿಸಿ ತಯಾರಾದ ಒಂದೇ ವಸ್ತು. ಕಪ್ಪು ಕ್ಯಾಸೆಟ್ಟು ಈ ಬಗೆಯದು. ೨೦೨೦ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಾಗ ಹಿಂದಿನ ಎಕ್ಸ್‌ಬಾಕ್ಸ್ ಒನ್ನಿಗೂ ಅದಕ್ಕೂ ಒಂದೇ ಡಿಸ್ಕನ್ನು ಮಾರುವ ಪದ್ಧತಿಯು ಬಂದಿತು. ಡಿಸ್ಕನ್ನು ಹಾಕಿದ ಯಂತ್ರಕ್ಕೆ ತಕ್ಕ ಪ್ರತಿಯು ಅಂತರ್ಜಾಲದ ಮೂಲಕ ಬಂದು ಸೇರುತ್ತದೆ. ಇಲ್ಲಿ ಸಂಗ್ರಾಹಕನು ಎಚ್ಚರವಾಗಿರಬೇಕು. ಕೈಯಲ್ಲಿರುವ ಡಿಸ್ಕಿನಲ್ಲಿ ಏನಿದೆ, ಜಾಲದಿಂದ ಬಂದುದು ಏನು ಎಂಬುದನ್ನು ಬೇರೆಬೇರೆಯಾಗಿ ಬರೆದಿಡಬೇಕು. ಜಾಲದ ಅಂಗಡಿಗಳು ಶಾಶ್ವತವಲ್ಲ. ೩ಡಿಎಸ್ ಮತ್ತು ವೀ ಯು ಯಂತ್ರಗಳ ಜಾಲದ ಅಂಗಡಿಯಲ್ಲಿ ಆಟಗಳ ಮಾರಾಟವನ್ನು ನಿಂಟೆಂಡೊ ೨೦೨೩ರ ಮಾರ್ಚಿಯಲ್ಲಿ ನಿಲ್ಲಿಸಿತು.

ಮೂರನೆಯ ಬಗೆಗೆ ಯಾವ ಖಾನೆ?

ಕಪ್ಪು ಕ್ಯಾಸೆಟ್ಟುಗಳನ್ನು ಎರಡು ಪಟ್ಟಿಗಳಲ್ಲಿಯೂ ಸೇರಿಸಿಬಿಡೋಣ ಎಂದು ನೀವು ಹೇಳಬಹುದು. ಹಾಗೆ ಮಾಡಿದರೆ ಲೆಕ್ಕವು ತಪ್ಪುತ್ತದೆ. ಆ ವಿದ್ಯಾರ್ಥಿನಿಯ ಹಳೆಯ ಯಂತ್ರದಲ್ಲಿ ನಡೆಯುವವು ೧೧, ಹೊಸದರಲ್ಲಿ ನಡೆಯುವವು ೧೪, ಕೂಡಿದರೆ ೨೫. ಕೈಯಲ್ಲಿರುವುವು ೧೪ ಮಾತ್ರ!

ನಮ್ಮ ಚೆಂಬೂರಿನ ನಿಲ್ದಾಣದಿಂದ ಹಾರ್ಬರ್ ಮಾರ್ಗದಲ್ಲಿ ಹೊರಟರೆ ತಿಲಕನಗರ ಕಳೆದು ಕುರ್ಲಾ ಸಿಗುತ್ತದೆ. ಕುರ್ಲಾ ಹಾರ್ಬರ್ ಮಾರ್ಗದ ಪಟ್ಟಿಯಲ್ಲಿಯೂ ಉಂಟು, ಮಧ್ಯ ರೈಲ್ವೆಯ ಮುಖ್ಯ ಮಾರ್ಗದ ಪಟ್ಟಿಯಲ್ಲಿಯೂ ಉಂಟು. ಪ್ರಯಾಣಿಕನಿಗೆ ಎರಡು ಪಟ್ಟಿಗಳೂ ಬೇಕು. ಆದರೆ ಮುಂಬಯಿಯ ನಿಲ್ದಾಣಗಳನ್ನು ಎಣಿಸುವವನು ಕುರ್ಲಾವನ್ನು ಒಮ್ಮೆ ಮಾತ್ರ ಎಣಿಸಬೇಕು. ಕಪ್ಪು ಕ್ಯಾಸೆಟ್ಟಿಗೂ ಇದೇ ನ್ಯಾಯ. ಅದಕ್ಕೆ ತನ್ನದೇ ಆದ ಒಂದು ಖಾನೆ, ಒಂದೇ ಕ್ರಮಾಂಕ. ಎರಡು ಯಂತ್ರಗಳ ಸೂಚಿಗಳಲ್ಲಿಯೂ ಆ ಕ್ರಮಾಂಕದ ಉಲ್ಲೇಖ.

ಈ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದವರು ನಮ್ಮ ದೇಶದವರೇ ಆದ ಎಸ್. ಆರ್. ರಂಗನಾಥನ್ ಅವರು. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಒಂದು ಪುಸ್ತಕಕ್ಕೆ ಕಪಾಟಿನಲ್ಲಿ ಸ್ಥಾನವೊಂದೇ ಆದರೂ ಅದರ ವಿಷಯಕ್ಕೆ ಹಲವು ಮುಖಗಳಿರುತ್ತವೆಂಬುದನ್ನು ಅವರು ಕಂಡರು. ಆ ಮುಖಗಳನ್ನು ಬೇರ್ಪಡಿಸಿ, ವಿವರಣ ಚಿಹ್ನೆಯಿಂದ ಜೋಡಿಸಿ ಬರೆಯುವ ಕೋಲನ್ ವರ್ಗೀಕರಣವನ್ನು ೧೯೩೩ರಲ್ಲಿ ಪ್ರಕಟಿಸಿದರು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆಯ ತುಣುಕುಗಳನ್ನು ಬೇಕುಬೇಕಾದಂತೆ ಜೋಡಿಸುತ್ತಿದ್ದುದನ್ನು ನೋಡಿದಾಗ ಅವರಿಗೆ ಈ ಯುಕ್ತಿ ಹೊಳೆಯಿತಂತೆ. ೧೯೬೨ರಲ್ಲಿ ಅವರು ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನೆ ಹಾಗೂ ಶಿಕ್ಷಣದ ಕೇಂದ್ರವನ್ನು ಸ್ಥಾಪಿಸಿದರು. ೧೯೭೨ರಲ್ಲಿ ಆ ನಗರದಲ್ಲಿಯೇ ತೀರಿಕೊಂಡರು. ಆಟಿಕೆಯಿಂದ ಹುಟ್ಟಿದ ಯುಕ್ತಿಯನ್ನು ನಾವು ಆಟಗಳಿಗೆ ಅನ್ವಯಿಸಿದರೆ ತಪ್ಪೇನು?

ಸಂಗ್ರಾಹಕರಿಗೆ ನಿಯಮಗಳು

೧. ಒಂದು ವಸ್ತುವಿಗೆ ಒಂದೇ ಸ್ಥಾನ, ಒಂದೇ ಕ್ರಮಾಂಕ.

೨. ಯಾವ ಯಂತ್ರವನ್ನು ಉದ್ದೇಶಿಸಿ ತಯಾರಾಯಿತೋ ಅದರಿಂದ ಖಾನೆಯನ್ನು ನಿರ್ಣಯಿಸಬೇಕು.

೩. ಎರಡು ಯಂತ್ರಗಳನ್ನು ಉದ್ದೇಶಿಸಿದ ವಸ್ತುವಿಗೆ ಆ ಎರಡರ ನಡುವೆ ಪ್ರತ್ಯೇಕ ಖಾನೆ ಇರಬೇಕು.

೪. ಅದು ಯಾವ ಯಾವ ಯಂತ್ರಗಳಲ್ಲಿ ನಡೆಯುವುದೆಂಬುದಕ್ಕೆ ಬೇರೊಂದು ಅಂಕಣ ಬೇಕು. ಕಣ್ಣಾರೆ ನಡೆಸಿ ನೋಡಿದುದನ್ನೂ ಮುದ್ರಿತ ಹೇಳಿಕೆಯಿಂದ ತಿಳಿದುದನ್ನೂ ಅಲ್ಲಿ ಬೇರೆಬೇರೆಯಾಗಿ ಗುರುತಿಸಬೇಕು.

೫. ಎರಡರಲ್ಲಿಯೂ ನಡೆದರೂ ಒಂದೇ ರೀತಿಯಾಗಿ ನಡೆಯದಿದ್ದರೆ ಆ ಭೇದವನ್ನು ಬರೆಯಬೇಕು.

ಒಂದು ಮಾದರಿ: “ಕ್ರಮಾಂಕ ೭. ಹೆಸರು: ಲಿಂಕ್ಸ್ ಅವೇಕನಿಂಗ್ ಡಿ.ಎಕ್ಸ್. ವರ್ಷ: ೧೯೯೮. ಖಾನೆ: ಉಭಯ ಯಂತ್ರ. ನಡೆಯುವುದು: ಗೇಮ್ ಬಾಯ್, ಗೇಮ್ ಬಾಯ್ ಕಲರ್, ಎರಡೂ ನಡೆಸಿ ನೋಡಿದುದು. ವಿಶೇಷ: ೧೯೯೩ರ ಹಳೆಯ ಪ್ರತಿಯಲ್ಲಿ ಇಲ್ಲದ ಬಣ್ಣದ ಗುಹೆಯೊಂದು ಇದರಲ್ಲಿದೆ, ಆ ಗುಹೆಯ ದಾರಿಯು ಬಣ್ಣದ ಯಂತ್ರದಲ್ಲಿ ಮಾತ್ರ ತೆರೆಯುತ್ತದೆ.” ಹಳೆಯ ಯಂತ್ರದಲ್ಲಷ್ಟೆ ಆಡಿದವನಿಗೆ ಆ ಗುಹೆ ಇರುವುದೇ ತಿಳಿಯದು. ಐದನೆಯ ನಿಯಮವು ಏಕೆ ಬೇಕೆಂಬುದಕ್ಕೆ ಇದೇ ನಿದರ್ಶನ.

ಕೊನೆಯ ಮಾತು

ಹಂಚಿದ ಬಹುಮಾನವನ್ನು ಹಿಂದಕ್ಕೆ ಕೇಳುವಂತಿರಲಿಲ್ಲ. ಮರುದಿನ ಪ್ರಾರ್ಥನೆಯ ತರುವಾಯ ಎಲ್ಲರ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡು, ಪ್ರದರ್ಶನದ ಪುಸ್ತಕದಲ್ಲಿ ಆ ವಿದ್ಯಾರ್ಥಿನಿಯ ಅಂಕಗಳನ್ನು ತಿದ್ದಿ ಬರೆದೆವು. ಅವಳು ಇದಕ್ಕೆ ಸಂತೋಷಪಟ್ಟಳು. ನಮಗೆ ಮಾತ್ರ ಮನಸ್ಸಿಗೆ ಪೂರ್ಣ ಸಮಾಧಾನವಾಗಲಿಲ್ಲ.

ಆ ವಾರ ಶಾಲೆಯ ದಾಖಲಾತಿ ರಿಜಿಸ್ಟರನ್ನು ತುಂಬುವ ಕೆಲಸವು ನಮ್ಮ ಕೈಗೆ ಬಂದಿತು. ಒಂದು ಮಗುವಿನ ಜನ್ಮಸ್ಥಳ ಚೆಂಬೂರು. ಮಾತೃಭಾಷೆಯ ಅಂಕಣದಲ್ಲಿ ಕನ್ನಡ. ತಂದೆಯವರ ಊರು ಕುಂದಾಪುರ. ಅದೇ ಮಗು ಅಂಗಡಿಯಲ್ಲಿ ಮರಾಠಿಯನ್ನೂ ರೈಲಿನಲ್ಲಿ ಹಿಂದಿಯನ್ನೂ ಆಡುವುದನ್ನು ನಾವು ಬಲ್ಲೆವು. “ನೀನು ಯಾವ ಊರಿನವನು?” ಎಂದು ನಿಮ್ಮನ್ನು ಕೇಳುವವರು ಇಲ್ಲಿಯೂ ಇದ್ದಾರೆ, ರಜೆಗೆ ಹೋದಾಗ ಅಲ್ಲಿಯೂ ಇದ್ದಾರೆ, ಒಂದೇ ಉತ್ತರವನ್ನು ಕೊಡಲಾರದೆ ನೀವು ಸುಮ್ಮನಾಗುವುದನ್ನು ಕಂಡಿದ್ದೇವೆ. ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಒಂದೇ ಸಾಲಿನಲ್ಲಿದೆ. ಅಂಕಣಗಳು ಹಲವು ಇವೆ. ಯಾವ ಅಂಕಣವನ್ನೂ ಖಾಲಿ ಬಿಡಬೇಕಾಗಿಲ್ಲ.

ಅಭ್ಯಾಸ

೧. ನಿಮ್ಮ ಮನೆಯಲ್ಲಿ ಎರಡು ಪೀಳಿಗೆಯ ಯಂತ್ರಗಳಲ್ಲಿ ನಡೆಯುವ ವಸ್ತುವೊಂದನ್ನು ಹುಡುಕಿ, ಮೇಲಿನ ಮಾದರಿಯಂತೆ ಅದರ ವಿವರವನ್ನು ಬರೆಯಿರಿ.

೨. ಒಬ್ಬನಲ್ಲಿ ಬೂದು ಕ್ಯಾಸೆಟ್ಟುಗಳು ೯, ಕಪ್ಪು ೪, ಪಾರದರ್ಶಕ ೨ ಇವೆ. ಪ್ರತಿಯೊಂದು ಯಂತ್ರದಲ್ಲಿ ಎಷ್ಟು ನಡೆಯುತ್ತವೆ? ಸಂಗ್ರಹದಲ್ಲಿ ಒಟ್ಟು ಎಷ್ಟು ಇವೆ?

೩. ಹಳೆಯ ಎರಡಾಣೆಯ ನಾಣ್ಯದ ಬೆಲೆಯನ್ನು ಪೂರ್ಣ ನಯೇ ಪೈಸೆಗಳಲ್ಲಿ ಹೇಳಲು ಏಕೆ ಸಾಧ್ಯವಿಲ್ಲ? ಲೆಕ್ಕ ಮಾಡಿ ತೋರಿಸಿರಿ.