ಜರ್ಮನಿಯಲ್ಲಿ ಒಂದು ವಿನಿಮಯ ವರ್ಷ: ಕನ್ನಡ ವಿದ್ಯಾರ್ಥಿಯ ಪೂರ್ವಸಿದ್ಧತೆ

ನಿಘಂಟುಗಳ ಪಾಠ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಕಿಟ್ಟೆಲ್ ಅವರು ಜರ್ಮನಿಯಿಂದ ಬಂದು ಕನ್ನಡ ಕಲಿತರು. ಕನ್ನಡ ಕಲಿತ ನಾವು ಜರ್ಮನಿಗೆ ಹೋಗಲು ಬರುತ್ತದೆಯೇ?" ತರಗತಿ ನಕ್ಕಿತು. ಆದರೆ ಅದು ನಗುವ ಪ್ರಶ್ನೆಯಲ್ಲ. ಬರುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅದು ಪೂರ್ಣ ಉತ್ತರವೂ ಆಗುವುದಿಲ್ಲ. ಸಿದ್ಧತೆಯಿಲ್ಲದೆ ಹೋದವರು ಒಂದು ವರ್ಷವನ್ನೂ ಮನೆಯವರ ಹಣವನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ಆ ಪ್ರಶ್ನೆಗೆ ಇಲ್ಲಿ ವಿವರವಾಗಿ ಉತ್ತರಿಸುತ್ತೇನೆ.

೧. ವಿನಿಮಯವೆಂದರೇನು?

ವಿದೇಶದಲ್ಲಿ ಪದವಿ ಪಡೆಯುವುದು ಬೇರೆ, ವಿನಿಮಯ ವಿದ್ಯಾರ್ಥಿಯಾಗಿ ಹೋಗುವುದು ಬೇರೆ. ವಿನಿಮಯದಲ್ಲಿ ನೀವು ಇಲ್ಲಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿಯೇ ಉಳಿಯುತ್ತೀರಿ. ಪದವಿಯನ್ನು ಕೊಡುವುದೂ ಇಲ್ಲಿಯ ವಿಶ್ವವಿದ್ಯಾಲಯವೇ. ಒಂದು ಅಥವಾ ಎರಡು ಸೆಮಿಸ್ಟರ್ ಮಾತ್ರ ಅಲ್ಲಿ ಓದಿ, ಗಳಿಸಿದ ಕ್ರೆಡಿಟ್‌ಗಳನ್ನು ಇಲ್ಲಿಗೆ ತರುತ್ತೀರಿ. ಇದಕ್ಕೆ ಎರಡು ವಿಶ್ವವಿದ್ಯಾಲಯಗಳ ನಡುವೆ ಲಿಖಿತ ಒಪ್ಪಂದವಿರಬೇಕು. ನಿಮ್ಮ ವಿಶ್ವವಿದ್ಯಾಲಯವೇ ನಿಮ್ಮ ಹೆಸರನ್ನು ಸೂಚಿಸಿ ಕಳುಹಿಸಬೇಕು.

ಆದುದರಿಂದ ಯೋಜನೆಯ ಮೊದಲ ಹೆಜ್ಜೆ ಬಿ.ಎ. ಓದುತ್ತಿರುವಾಗಲೇ ಬೀಳಬೇಕು. ಎಂ.ಎ.ಗೆ ವಿಶ್ವವಿದ್ಯಾಲಯವನ್ನು ಆರಿಸುವಾಗ ಎರಡು ಪ್ರಶ್ನೆಗಳನ್ನು ಕೇಳಿ: ಯಾವ ಜರ್ಮನ್ ವಿಶ್ವವಿದ್ಯಾಲಯದೊಡನೆ ಒಪ್ಪಂದವಿದೆ? ಆ ಒಪ್ಪಂದ ಭಾಷೆ, ಸಾಹಿತ್ಯ ವಿಭಾಗಗಳಿಗೂ ಅನ್ವಯಿಸುತ್ತದೆಯೇ, ಅಥವಾ ವಿಜ್ಞಾನ ವಿಭಾಗಗಳಿಗೆ ಮಾತ್ರವೇ? ಎರಡನೆಯ ಪ್ರಶ್ನೆಯನ್ನು ಕೇಳದೆ ನಿರಾಶರಾಗುವವರೇ ಹೆಚ್ಚು.

೨. ಎಲ್ಲಿಗೆ ಮತ್ತು ಏಕೆ?

ಕನ್ನಡ ವಿದ್ಯಾರ್ಥಿಗೆ ಅರ್ಥಪೂರ್ಣವಾದ ಊರುಗಳು ಕೆಲವೇ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆ 1962ರಲ್ಲಿ ಸ್ಥಾಪಿತವಾಯಿತು. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭಾರತಶಾಸ್ತ್ರ ವಿಭಾಗದಲ್ಲಿ ಬಿ.ಎ. ವಿವೇಕ ರೈ ಅವರು ಅತಿಥಿ ಪ್ರಾಧ್ಯಾಪಕರಾಗಿ ಕನ್ನಡ ಕಲಿಸಿದ್ದಾರೆ. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲ್ಲರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರು 1903ರಲ್ಲಿ ನಿಧನರಾದದ್ದೂ ಅದೇ ಊರಿನಲ್ಲಿ. ಮಲಯಾಳ ನಿಘಂಟುಕಾರ ಹೆರ್ಮನ್ ಗುಂಡರ್ಟರ ಸಂಗ್ರಹ ಅಲ್ಲಿಯ ಗ್ರಂಥಾಲಯದಲ್ಲಿದೆ.

ನಮ್ಮ ಗಡಿಭಾಗಕ್ಕೆ ಇನ್ನೂ ಹತ್ತಿರದ ನಂಟೊಂದಿದೆ. ಹೈಡೆಲ್‌ಬರ್ಗಿನ ಗುಂಟರ್ ಸೊಂಥೈಮರ್ ಅವರು ಬಿರೋಬಾ, ಮ್ಹಸ್ಕೋಬಾ, ಖಂಡೋಬಾ ದೇವತೆಗಳನ್ನೂ ಅವರನ್ನು ಪೂಜಿಸುವ ಧನಗರ ಪರಂಪರೆಯನ್ನೂ ಅಭ್ಯಸಿಸಿ 1976ರಲ್ಲಿ ಜರ್ಮನ್ ಭಾಷೆಯಲ್ಲಿ ಗ್ರಂಥ ಪ್ರಕಟಿಸಿದರು. ಮರಾಠಿಯ ಬಿರೋಬಾ ನಮ್ಮ ಬೀರಪ್ಪ. ಖಂಡೋಬಾ ನಮ್ಮ ಮೈಲಾರ. ಧನಗರಿ ಓವಿಯನ್ನೂ ಡೊಳ್ಳಿನ ಪದವನ್ನೂ ಒಂದೇ ಜಾತ್ರೆಯಲ್ಲಿ ಕೇಳಿ ಬೆಳೆದವರು ನೀವು. ಎರಡೂ ಭಾಷೆಗಳನ್ನು ಮನೆಯ ಭಾಷೆಯಂತೆ ಬಲ್ಲ ಸಂಶೋಧಕರು ಅಲ್ಲಿ ವಿರಳ. ಇಲ್ಲಿ ನಾವು ಕೊರತೆಯೆಂದು ಭಾವಿಸುವ "ಅರ್ಧ ಮರಾಠಿ, ಅರ್ಧ ಕನ್ನಡ" ಎಂಬ ಸ್ಥಿತಿಯೇ ಅಲ್ಲಿ ನಿಮ್ಮ ಬಂಡವಾಳ.

ಆದರೆ ಬಂಡವಾಳವಿದ್ದರೆ ಸಾಲದು, ಪ್ರಶ್ನೆಯೂ ಬೇಕು. "ಜರ್ಮನಿಯನ್ನು ನೋಡಬೇಕು" ಎನ್ನುವುದು ಅಧ್ಯಯನದ ಉದ್ದೇಶವಲ್ಲ. "ಬೀರಪ್ಪನ ಹಾಡುಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದೇ ಕಥೆಯನ್ನು ಹೇಳುತ್ತವೆಯೇ?" ಎನ್ನುವುದು ಉದ್ದೇಶ. ಅರ್ಜಿಯೊಡನೆ ಕಳುಹಿಸುವ ಉದ್ದೇಶಪತ್ರದಲ್ಲಿ ಇಂತಹ ಒಂದು ಪ್ರಶ್ನೆ, ಅದಕ್ಕೆ ಅಲ್ಲಿಯೇ ಓದಬೇಕಾದ ಕಾರಣ, ಮರಳಿದ ಮೇಲೆ ಮಾಡುವ ಕೆಲಸ, ಈ ಮೂರೂ ಇರಲಿ.

೩. ಕಾಲದ ಲೆಕ್ಕ

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಪಾಠಗಳು ನಡೆಯುವುದು ಅಕ್ಟೋಬರ್ ಮಧ್ಯದಿಂದ ಫೆಬ್ರವರಿಯವರೆಗೆ, ಮತ್ತೆ ಏಪ್ರಿಲ್ ಮಧ್ಯದಿಂದ ಜುಲೈವರೆಗೆ. ನಡುವಿನ ತಿಂಗಳುಗಳು ರಜೆಯಂತೆ ಕಂಡರೂ ರಜೆಯಲ್ಲ. ಸೆಮಿನಾರಿನ ಪ್ರಬಂಧಗಳನ್ನು ಬರೆಯುವುದು ಆಗಲೇ.

ನಮ್ಮ ಶೈಕ್ಷಣಿಕ ವರ್ಷ ಜೂನ್-ಜುಲೈನಲ್ಲಿ ಆರಂಭವಾಗುತ್ತದೆ. ತೊಡಕು ಇರುವುದು ಇಲ್ಲಿಯೇ. ಎಂ.ಎ. ಮೂರು ಮತ್ತು ನಾಲ್ಕನೆಯ ಸೆಮಿಸ್ಟರ್‌ಗಳನ್ನು ಅಲ್ಲಿ ಓದುವವರ ಕೊನೆಯ ಪ್ರಬಂಧದ ಅಂಕ ಸೆಪ್ಟೆಂಬರಿನ ನಂತರವೂ ಬರಬಹುದು. ಅಷ್ಟರಲ್ಲಿ ಸಹಪಾಠಿಗಳು ಪದವಿ ಪಡೆದು ಬಿ.ಎಡ್. ಸೇರಿರುತ್ತಾರೆ. ಈ ವಿಳಂಬವನ್ನು ನಿಮ್ಮ ವಿಶ್ವವಿದ್ಯಾಲಯ ಹೇಗೆ ಪರಿಗಣಿಸುತ್ತದೆಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆಯಿರಿ.

ಅಕ್ಟೋಬರಿನಲ್ಲಿ ಹೊರಡಬೇಕಾದವರು ಹಿಂದಿನ ವರ್ಷದ ಜುಲೈನಲ್ಲಿಯೇ ತೊಡಗಬೇಕು. ಮೊದಲ ಮೂರು ತಿಂಗಳಲ್ಲಿ ಪಾಸ್‌ಪೋರ್ಟ್, ಒಪ್ಪಂದದ ವಿಚಾರಣೆ, ಭಾಷಾಭ್ಯಾಸದ ಆರಂಭ. ಚಳಿಗಾಲದಲ್ಲಿ ಉದ್ದೇಶಪತ್ರ, ಶಿಫಾರಸು ಪತ್ರಗಳು, ವಿದ್ಯಾರ್ಥಿವೇತನದ ಅರ್ಜಿ. ಬೇಸಿಗೆಯಲ್ಲಿ ಪ್ರವೇಶಪತ್ರ ಕೈಸೇರಿದೊಡನೆ ವೀಸಾ ಮತ್ತು ವಸತಿಗೃಹದ ಅರ್ಜಿ. ವೀಸಾಕ್ಕೆ ಹಲವು ವಾರಗಳು ಬೇಕಾಗುತ್ತವೆ. ಭಾರತೀಯ ಪ್ರಮಾಣಪತ್ರಗಳನ್ನು ಪರಿಶೀಲಿಸುವ ಎಪಿಎಸ್ ಪತ್ರ 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ಅಗತ್ಯವಾಗಿದೆ. ನಿಮ್ಮ ವಿನಿಮಯ ಕಾರ್ಯಕ್ರಮಕ್ಕೆ ವಿನಾಯಿತಿಯಿದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಿರಿ.

೪. ಕ್ರೆಡಿಟ್ ಮತ್ತು ಅಂಕ

ಐರೋಪ್ಯ ಪದ್ಧತಿಯಲ್ಲಿ ಪೂರ್ಣ ಸೆಮಿಸ್ಟರಿಗೆ 30, ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ; ಪಾಠ ಕೇಳುವುದು, ಓದುವುದು, ಬರೆಯುವುದು ಎಲ್ಲವೂ ಅದರಲ್ಲಿ ಸೇರಿದೆ. ಅಲ್ಲಿ ಯಾವ ಪತ್ರಿಕೆ ಓದಿದರೆ ಇಲ್ಲಿಯ ಯಾವ ಪತ್ರಿಕೆಗೆ ಸಮವೆಂದು ತಿಳಿಸುವ ಅಧ್ಯಯನ ಒಪ್ಪಂದಕ್ಕೆ ನೀವು, ಇಲ್ಲಿಯವರು, ಅಲ್ಲಿಯವರು ಮೂವರೂ ಸಹಿ ಹಾಕಬೇಕು. ವಿಮಾನದ ಟಿಕೆಟ್ಟಿಗಿಂತ ಈ ಹಾಳೆ ಮುಖ್ಯ. ಬಾಯಿಮಾತಿನ ಭರವಸೆ ನಂಬಿ ಹೋದವರಿಗೆ, ಮರಳಿದ ಮೇಲೆ "ಈ ಪತ್ರಿಕೆ ನಮ್ಮ ಪಠ್ಯಕ್ರಮದಲ್ಲಿಲ್ಲ" ಎಂಬ ಉತ್ತರ ಸಿಗಬಹುದು.

ಅಂಕಕ್ರಮ ನಮ್ಮದಕ್ಕೆ ವಿಲೋಮ. 1.0 ಅತ್ಯುತ್ತಮ, 4.0 ಕನಿಷ್ಠ ಉತ್ತೀರ್ಣ, 5.0 ಅನುತ್ತೀರ್ಣ. ಅಂಕಪಟ್ಟಿ ಮನೆಗೆ ತಲುಪುವ ಮೊದಲು ಈ ವಿಚಾರವನ್ನು ತಂದೆತಾಯಿಗಳಿಗೆ ಹೇಳಿಡುವುದು ಒಳ್ಳೆಯದು.

೫. ಹಣ

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಹೈಡೆಲ್‌ಬರ್ಗ್, ಟ್ಯೂಬಿಂಗನ್‌ಗಳಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯೇತರ ವಿದ್ಯಾರ್ಥಿಗಳಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತದೆ. ಒಪ್ಪಂದದ ಮೂಲಕ ಹೋಗುವ ವಿನಿಮಯ ವಿದ್ಯಾರ್ಥಿಗಳಿಗೆ ಅದರಿಂದ ವಿನಾಯಿತಿಯಿದೆ. ಒಪ್ಪಂದದ ಬೆಲೆ ಇದರಿಂದಲೇ ತಿಳಿಯುತ್ತದೆ.

ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ಜೀವನವೆಚ್ಚಕ್ಕೆ ಹಣವಿದೆಯೆಂದು ವೀಸಾ ಕೊಡುವವರಿಗೆ ತೋರಿಸಬೇಕು. 2024ರಲ್ಲಿ ನಿಗದಿಯಾದಂತೆ ಈ ಮೊತ್ತ ತಿಂಗಳಿಗೆ 992, ವರ್ಷಕ್ಕೆ 11,904 ಯೂರೋ. ಇದನ್ನು ನಿರ್ಬಂಧಿತ ಖಾತೆಯಲ್ಲಿ ಮುಂಗಡವಾಗಿ ಇಟ್ಟರೆ ತಿಂಗಳಿಗೆ ಇಷ್ಟೆಂದು ನಿಮಗೇ ಮರಳಿ ದೊರೆಯುತ್ತದೆ. ಮೊತ್ತ ಆಗಾಗ ಬದಲಾಗುವುದರಿಂದ ಅರ್ಜಿಯ ಸಮಯದ ಅಂಕಿಯನ್ನೇ ನೋಡಬೇಕು. ಸಾಕಷ್ಟು ವಿದ್ಯಾರ್ಥಿವೇತನ ದೊರೆತವರಿಗೆ ಅದರ ಮಂಜೂರಾತಿ ಪತ್ರವೇ ಆಧಾರವಾಗುತ್ತದೆ. 1925ರಲ್ಲಿ ಆರಂಭವಾದ ಡಿಎಎಡಿ ಎಂಬ ಜರ್ಮನ್ ವಿನಿಮಯ ಸೇವೆ ಇಂತಹ ವೇತನಗಳ ಮುಖ್ಯ ಮೂಲ.

ಅಧ್ಯಾಪಕನಾಗಿ ನನ್ನ ಸಲಹೆ ಸ್ಪಷ್ಟ: ವಿನಿಮಯ ವರ್ಷಕ್ಕಾಗಿ ಹೊಲವನ್ನು ಅಡವಿಡಬೇಡಿ. ವಿದ್ಯಾರ್ಥಿವೇತನ ದೊರೆಯದಿದ್ದರೆ ಒಂದೇ ಸೆಮಿಸ್ಟರಿಗೆ ಹೋಗಬಹುದು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದು. ಅಲ್ಲಿ ದುಡಿದು ತೀರಿಸುವೆನೆಂಬ ಲೆಕ್ಕವೂ ಬೇಡ. ವಿದ್ಯಾರ್ಥಿಗೆ ವರ್ಷದಲ್ಲಿ 140 ಪೂರ್ಣ ದಿನಗಳವರೆಗೆ ದುಡಿಯಲು ಅವಕಾಶವಿದ್ದರೂ, ಭಾಷೆ ಬಾರದ ಹೊಸಬರಿಗೆ ಕೆಲಸ ಕೂಡಲೇ ಸಿಗುವುದಿಲ್ಲ.

೬. ಭಾಷೆ

ಭಾಷಾಮಟ್ಟಗಳು ಎ1ರಿಂದ ಸಿ2ರವರೆಗೆ ಆರು. ಇಂಗ್ಲಿಷಿನಲ್ಲಿ ನಡೆಯುವ ಪಾಠಗಳಿವೆ. ಆದರೆ ಬಾಡಿಗೆಯ ಕರಾರು, ವೈದ್ಯರ ಚೀಟಿ, ನಗರ ಕಚೇರಿಯ ನಮೂನೆ ಬಹುಮಟ್ಟಿಗೆ ಜರ್ಮನ್‌ನಲ್ಲಿಯೇ ಇರುತ್ತವೆ. ಹೊರಡುವಾಗ ಎ2 ಮಟ್ಟವಾದರೂ ಇರಲಿ. ಪುಣೆ ಮತ್ತು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನಗಳಲ್ಲಿ ಕಲಿಯಬಹುದು. ಮಿಶನರಿಗಳ ಪತ್ರಗಳನ್ನು ಓದಬಯಸುವವರು ಇನ್ನೊಂದು ತೊಡಕನ್ನು ತಿಳಿದಿರಬೇಕು: 19ನೆಯ ಶತಮಾನದ ಕೈಬರಹ ಕುರೆಂಟ್ ಎಂಬ ಹಳೆಯ ಲಿಪಿಶೈಲಿಯಲ್ಲಿದೆ. ಮೋಡಿ ಲಿಪಿಯ ದಾಖಲೆಯನ್ನು ದೇವನಾಗರಿ ಮಾತ್ರ ಬಲ್ಲವರು ಓದಲಾರರಷ್ಟೇ, ಇದೂ ಹಾಗೆಯೇ. ಅದನ್ನು ಪ್ರತ್ಯೇಕವಾಗಿ ಕಲಿಯಬೇಕು.

೭. ತಲುಪಿದ ಮೇಲೆ

ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯರ ಪತ್ರ ಬೇಕು. ಆರೋಗ್ಯ ವಿಮೆಯಿಲ್ಲದೆ ವಿಶ್ವವಿದ್ಯಾಲಯ ದಾಖಲು ಮಾಡಿಕೊಳ್ಳುವುದಿಲ್ಲ. ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ "ಸಿ.ಟಿ." ಎಂದಿದ್ದರೆ ಪಾಠ ಹದಿನೈದು ನಿಮಿಷ ತಡವಾಗಿ ಆರಂಭವಾಗುತ್ತದೆ. ಸೆಮಿನಾರಿನಲ್ಲಿ ಸುಮ್ಮನೆ ಕುಳಿತು ಟಿಪ್ಪಣಿ ಬರೆದುಕೊಂಡರೆ ಸಾಲದು. ಗುರುವಿನ ಮಾತಿಗೆ ಆಧಾರಸಹಿತವಾಗಿ ಎದುರು ನುಡಿಯುವುದು ಅಲ್ಲಿ ಅವಿನಯವಲ್ಲ, ಅಭ್ಯಾಸ. ಇದನ್ನು ಇಲ್ಲಿಂದಲೇ, ನನ್ನ ತರಗತಿಯಿಂದಲೇ ಆರಂಭಿಸಬಹುದು.

1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು ಅಚ್ಚಾದದ್ದು 1894ರಲ್ಲಿ. ಒಂದು ವರ್ಷದಲ್ಲಿ ನೀವು ನಿಘಂಟು ಬರೆಯಲಾರಿರಿ. ಒಂದು ಒಳ್ಳೆಯ ಪ್ರಶ್ನೆಯನ್ನು ಹೊತ್ತು ಹೋಗಿ, ಅದಕ್ಕಿಂತ ಒಳ್ಳೆಯ ಪ್ರಶ್ನೆಯೊಡನೆ ಮರಳಿದರೆ ಆ ವರ್ಷ ಸಾರ್ಥಕ.

ಅಭ್ಯಾಸ

1. ನಿಮ್ಮ ಊರಿನ ಭಾಷೆ, ಹಾಡು ಅಥವಾ ಆಚರಣೆಯ ಬಗ್ಗೆ ಒಂದು ಸಂಶೋಧನ ಪ್ರಶ್ನೆಯನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.
2. ಅದನ್ನು ಇಲ್ಲಿಯೇ ಓದಿದರೆ ಸಾಲದೇಕೆ? ಒಂದು ಪುಟದಲ್ಲಿ ವಿವರಿಸಿರಿ.
3. ಎಂ.ಎ. ಪಠ್ಯಕ್ರಮವೊಂದನ್ನು ಪಡೆದು, ಹೊರಗೆ ಓದಿ ಸಮಗೊಳಿಸಬಹುದಾದ ಪತ್ರಿಕೆಗಳನ್ನು ಗುರುತಿಸಿರಿ.