ಬ್ಯಾಟರಿ ಬಿಚ್ಚಿದ ಮೇಲೂ ಉಳಿಯುವ ವಿದ್ಯುತ್



ನಿಮ್ಮಲ್ಲಿ ಕೆಲವರು ರಜೆಯಲ್ಲಿ ಅಣ್ಣನದೋ ಮಾವನದೋ ಗ್ಯಾರೇಜಿಗೆ ಹೋಗಿ ಕೆಲಸ ಕಲಿಯುತ್ತೀರಿ. ಹಾರ್ನ್ ಕೆಲಸ ಮಾಡದ, ಜೊತೆಗೆ ಏರ್‌ಬ್ಯಾಗಿನ ಎಚ್ಚರಿಕೆ ದೀಪವೂ ಆರದ ಕಾರು ಬಂದರೆ, ಮೊದಲು ಸಂಶಯಪಡುವುದು ಕ್ಲಾಕ್ ಸ್ಪ್ರಿಂಗ್ ಮೇಲೆ. ಹೆಸರಿಗೆ ಸ್ಪ್ರಿಂಗ್, ನಿಜವಾಗಿ ಅದು ಸ್ಟೀರಿಂಗ್ ಚಕ್ರದ ಹಿಂದೆ ಸುರುಳಿ ಸುತ್ತಿಟ್ಟ ಚಪ್ಪಟೆ ಕೇಬಲ್. ಚಕ್ರ ಎಷ್ಟು ತಿರುಗಿದರೂ ತಂತಿ ತುಂಡಾಗದೆ ಹಾರ್ನ್ ಮತ್ತು ಏರ್‌ಬ್ಯಾಗಿಗೆ ಸಂಪರ್ಕ ಕೊಡುವುದು ಅದರ ಕೆಲಸ.

ಅದನ್ನು ತೆಗೆಯಲು ಮೊದಲು ಏರ್‌ಬ್ಯಾಗ್ ತೆಗೆಯಬೇಕು. ಅಪಾಯ ಇರುವುದು ಅಲ್ಲೇ. ಏರ್‌ಬ್ಯಾಗ್ ಉಬ್ಬಲು ಸುಮಾರು 30 ಮಿಲಿಸೆಕೆಂಡ್ ಸಾಕು. ಕಣ್ಣು ಮಿಟುಕಿಸುವಷ್ಟೂ ಸಮಯವಿಲ್ಲ. ಬಗ್ಗಿ ಕೆಲಸ ಮಾಡುವವನ ಮುಖ ಅದರ ಎದುರಿಗೇ ಇರುತ್ತದೆ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಆದ್ದರಿಂದ ಈ ಪಾಠ ಸಣ್ಣ ಗ್ಯಾರೇಜಿಗೂ ಬೇಕು.

"ಬ್ಯಾಟರಿ ಬಿಚ್ಚಿದರೆ ಆಯಿತಲ್ಲ, ಸರ್?" ಎಂದು ಕೇಳಬಹುದು. ಆಗುವುದಿಲ್ಲ. ಅಪಘಾತದಲ್ಲಿ ಬ್ಯಾಟರಿಯ ಸಂಪರ್ಕವೇ ಕಡಿದುಹೋದರೂ ಏರ್‌ಬ್ಯಾಗ್ ತೆರೆಯಲಿ ಎಂದು ಅದರ ನಿಯಂತ್ರಣ ಘಟಕದಲ್ಲಿ ಒಂದು ಕೆಪಾಸಿಟರ್ ಇಟ್ಟಿರುತ್ತಾರೆ. ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ಧಾರಕವೇ ಅದು.

ಲೆಕ್ಕ ಹಾಕೋಣ. 2000 ಮೈಕ್ರೋಫ್ಯಾರಡ್ ಧಾರಕ 24 ವೋಲ್ಟಿಗೆ ಚಾರ್ಜ್ ಆಗಿದೆ ಎಂದುಕೊಳ್ಳಿ. ಧಾರಕತೆಯನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಸುಮಾರು 0.58 ಜೂಲ್. ಏರ್‌ಬ್ಯಾಗಿನ ಕಿಡಿ ಹೊತ್ತಿಸುವ ಸುಮಾರು 2 ಓಮ್ ತಂತಿಗೆ 1.2 ಆಂಪಿಯರ್ 2 ಮಿಲಿಸೆಕೆಂಡ್ ಹರಿದರೆ ಸಾಕು; ಅದು 0.006 ಜೂಲಿಗಿಂತ ಕಡಿಮೆ. ಅಂದರೆ ಬೇಕಾದುದರ ನೂರು ಪಟ್ಟು ಶಕ್ತಿ ಒಳಗೆ ಉಳಿದಿದೆ! ಅದು ನಿಧಾನವಾಗಿ ಇಳಿಯಬೇಕು.

ಆದ್ದರಿಂದ ಕ್ರಮ ಹೀಗಿರಲಿ:

1. ಮುಂದಿನ ಚಕ್ರಗಳನ್ನು ನೇರ ಮಾಡಿ, ಇಗ್ನಿಷನ್ ಆಫ್ ಮಾಡಿ.

2. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ.

3. ಕಾಯಿರಿ. ಕೆಲವು ಕಾರುಗಳಿಗೆ 90 ಸೆಕೆಂಡ್, ಕೆಲವಕ್ಕೆ 3 ನಿಮಿಷ, ಇನ್ನು ಕೆಲವಕ್ಕೆ ಅದಕ್ಕೂ ಹೆಚ್ಚು. ಆ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದ್ದೇ ಅಂತಿಮ.

4. ಬಿಚ್ಚಿದ ಏರ್‌ಬ್ಯಾಗಿನ ಮುಖ ಮೇಲಕ್ಕಿರಲಿ. ಕವುಚಿ ಇಟ್ಟಾಗ ಸಿಡಿದರೆ ಅದು ಇಡಿಯಾಗಿ ಮೇಲಕ್ಕೆ ಚಿಮ್ಮುತ್ತದೆ. ಅದರ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಲೇಬೇಡಿ. ಮೀಟರ್ ಹರಿಸುವ ವಿದ್ಯುತ್ತೇ ಕಿಡಿ ಹೊತ್ತಿಸಬಹುದು.

5. ಸ್ಟೀರಿಂಗ್ ಚಕ್ರ ಕೂತ ಜಾಗಕ್ಕೆ ಗುರುತು ಹಾಕಿ, ಪುಲ್ಲರ್‌ನಿಂದ ತೆಗೆಯಿರಿ, ಸುತ್ತಿಗೆ ಬೇಡ.

6. ಹೊಸ ಕ್ಲಾಕ್ ಸ್ಪ್ರಿಂಗನ್ನು ನಡುಮಧ್ಯದ ಸ್ಥಾನದಲ್ಲೇ ಕೂರಿಸಿ. ಒಂದು ಕಡೆಗೆ ಹೆಚ್ಚು ಸುತ್ತಿದ್ದರೆ ಚಕ್ರ ಪೂರ್ತಿ ತಿರುಗಿದಾಗ ಕೇಬಲ್ ಹರಿಯುತ್ತದೆ.

ಅನುಭವಿ ಮೆಕ್ಯಾನಿಕ್ ಪಕ್ಕದಲ್ಲಿಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಹೊರಗೆ ಗಿರಾಕಿ ಅವಸರ ಮಾಡಬಹುದು. ಆ ಮೂರು ನಿಮಿಷವನ್ನು ಮಾತ್ರ ಯಾರಿಗಾಗಿಯೂ ಬಿಟ್ಟುಕೊಡಬೇಡಿ.

ಅಭ್ಯಾಸ: ಮೇಲಿನ ಧಾರಕದ ವೋಲ್ಟೇಜ್ 24ರಿಂದ 12ಕ್ಕೆ ಇಳಿದರೆ ಶಕ್ತಿ ಎಷ್ಟು ಉಳಿಯುತ್ತದೆ? ಆಗ ಏರ್‌ಬ್ಯಾಗ್ ಮುಟ್ಟಬಹುದೇ? ಉತ್ತರವನ್ನು ಕಾರಣದೊಂದಿಗೆ ಬರೆದು ತನ್ನಿ.