ಹೊಸ ವಿಂಡೋಸ್ ಮತ್ತು ಹಳೆಯ ಕನ್ನಡ ಬರಹ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದುಳ್ಳ ಗಣಕಯಂತ್ರವೇನೋ ನಡೆಯುತ್ತದೆ; ಆದರೆ ವಿಸ್ತೃತ ಸೇವೆಗೆ ಸೇರದಿದ್ದರೆ, ಹೊಸದಾಗಿ ಕಂಡುಬರುವ ರಕ್ಷಣಾದೋಷಗಳಿಗೆ ದುರಸ್ತಿ ದೊರೆಯದು. ಆದುದರಿಂದ ವಿಂಡೋಸ್ 11ಕ್ಕೆ ಸಾಗುವುದು ವಿಹಿತವೇ, ಟಿಪಿಎಂ 2.0 ಎಂಬ ರಕ್ಷಣಾಂಗವಿಲ್ಲದ ಹಳೆಯ ಯಂತ್ರಗಳು ಮಾತ್ರ ಅದಕ್ಕೆ ಅರ್ಹವಲ್ಲ.

ಆದರೆ ಕನ್ನಡಿಗರಾದ ನಾವು ಅವಸರಪಡಲಾಗದು. ಯೂನಿಕೋಡ್ ರೂಢಿಗೆ ಬರುವ ಮುನ್ನ ರಚಿತವಾದ ಅಕ್ಷರಶೈಲಿಗಳಲ್ಲಿ (ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆಯೂ ಅಂಥವನ್ನು ಸಿದ್ಧಪಡಿಸಿತ್ತು) ಕನ್ನಡದ ರೂಪಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಹೊಸ ಯಂತ್ರದಲ್ಲಿ ಆ ಅಕ್ಷರಶೈಲಿ ಇಲ್ಲದಿದ್ದರೆ ಪ್ರಬಂಧವೆಲ್ಲ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ತೋರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವಾಗಲೂ ‘ಸೂರ್ಯ’ದಂಥ ಪದಗಳ ಅರ್ಕಾವತ್ತು ಸ್ಥಾನ ತಪ್ಪಬಹುದು. ಹೀಗಾಗಿ ನಾವು ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ, ಪರಿವರ್ತಿಸಿ, ಸಾಲುಸಾಲಾಗಿ ಓದಿನೋಡಿದ ಬಳಿಕವೇ ವಿಂಡೋಸ್ ಬದಲಾಯಿಸತಕ್ಕದ್ದು.